ಕ್ರೇಫಿಶ್ ಜೊತೆ ಯಾರನ್ನು ಬಿಡಬಹುದು? ಕಮ್ಯುನಿಟಿ ಟ್ಯಾಂಕ್ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಕ್ರೇಫಿಶ್ ಅಂದರೆ ಸಿಹಿನೀರಿನಲ್ಲಿ ಬದುಕುವ, ಇಕ್ಕುಳದಂಥ ಮುಂಗಾಲಿರುವ, ಸೀಗಡಿಯ ನೆಂಟ. ಅದನ್ನು ಮೀನುಗಳ ಜೊತೆ ಒಂದೇ ಟ್ಯಾಂಕಿನಲ್ಲಿ, ಅಂದರೆ ಕಮ್ಯುನಿಟಿ ಟ್ಯಾಂಕಿನಲ್ಲಿ, ಸಾಕಬಹುದಾ ಅಂತ ಕೇಳಿ ನೋಡಿ. ಒಬ್ಬರು "ಆರಾಮಾಗಿ ಸಾಕಬಹುದು, ನಮ್ಮ ಟ್ಯಾಂಕ್‌ನಲ್ಲಿ ಏನೂ ತೊಂದರೆ ಆಗಿಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಅಯ್ಯೋ, ಒಂದೊಂದಾಗಿ ಎಲ್ಲಾ ಮೀನನ್ನೂ ಮುಗಿಸಿಬಿಟ್ಟಿತು" ಅನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ನಿಜವೇ. ಒಬ್ಬರ ಹತ್ತಿರ ಇರುವುದು ಬೆರಳಿನ ಅರ್ಧ ಉದ್ದದ ಕುಳ್ಳ ಜಾತಿ, ಇನ್ನೊಬ್ಬರ ಹತ್ತಿರ ಇದ್ದದ್ದು ಅಂಗೈ ಉದ್ದದ ದೊಡ್ಡ ಜಾತಿ. ಇಬ್ಬರೂ ಅದನ್ನು ಕ್ರೇಫಿಶ್ ಅಂತಲೇ ಕರೆಯುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ.

ಇನ್ನೊಂದು ತೊಂದರೆ ಏನೆಂದರೆ ನಾವೆಲ್ಲ ಟ್ಯಾಂಕ್ ನೋಡುವುದು ಹಗಲಲ್ಲಿ. ಹಗಲಲ್ಲಿ ಕ್ರೇಫಿಶ್ ಗುಹೆಯೊಳಗೆ ಕೂತಿರುತ್ತದೆ, ಮೀನು ಮೇಲೆ ಓಡಾಡುತ್ತಿರುತ್ತದೆ, ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆದರೆ ಇವುಗಳ ಸಹವಾಸ ಹೊಂದುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಎರಡೇ ಹೊತ್ತಿನಲ್ಲಿ. ಒಂದು, ರಾತ್ರಿ ಲೈಟ್ ಆರಿದ ಮೇಲೆ. ಆಗ ಮೀನಿಗೆ ಅಪಾಯ. ಇನ್ನೊಂದು, ಕ್ರೇಫಿಶ್ ಪೊರೆ ಬಿಟ್ಟ ದಿನ, ಅಂದರೆ ಹಳೆಯ ಚಿಪ್ಪು ಕಳಚಿ ಮೈ ಮೆತ್ತಗಿರುವ ದಿನ. ಆಗ ಅಪಾಯ ಕ್ರೇಫಿಶ್‌ಗೇ. ಮುಂದಿನ ಎಲ್ಲ ಹೆಜ್ಜೆಗಳೂ ಈ ಎರಡು ಹೊತ್ತನ್ನು ದಾಟಿಸುವುದಕ್ಕಾಗಿಯೇ ಇವೆ.

ಹೆಜ್ಜೆ 1: ಜಾತಿ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಪ್ರಪಂಚದಲ್ಲಿ 600ಕ್ಕೂ ಜಾಸ್ತಿ ಜಾತಿಯ ಕ್ರೇಫಿಶ್‌ಗಳಿವೆ. ಅಂಗಡಿಗೆ ಬರುವುದು ಬೆರಳೆಣಿಕೆಯಷ್ಟು. ಅಂಗಡಿಯವರು "ಬ್ಲೂ ಲಾಬ್‌ಸ್ಟರ್" ಅಂತ ಹೇಳಿದರೆ ಅಷ್ಟಕ್ಕೇ ತೃಪ್ತಿಪಡಬೇಡಿ. ಆ ಹೆಸರಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಜಾತಿಗಳು ಮಾರಾಟವಾಗುತ್ತವೆ. ಬಣ್ಣ ನೋಡಿ ಜಾತಿ ಹೇಳಲು ಆಗುವುದಿಲ್ಲ. ವೈಜ್ಞಾನಿಕ ಹೆಸರು ಕೇಳಿ, ದೊಡ್ಡದಾದ ಮೇಲೆ ಎಷ್ಟು ಉದ್ದ ಆಗುತ್ತದೆ ಅಂತ ಕೇಳಿ.

ಕಮ್ಯುನಿಟಿ ಟ್ಯಾಂಕ್‌ಗೆ ನನ್ನ ಮೊದಲ ಆಯ್ಕೆ ಕ್ಯಾಂಬರೆಲ್ಲಸ್ ಗುಂಪಿನ ಕುಳ್ಳ ಕ್ರೇಫಿಶ್. ಅದರಲ್ಲೂ ಸಿಪಿಒ ಅಂತ ಕರೆಯುವ ಕಿತ್ತಳೆ ಬಣ್ಣದ್ದು. ಮೆಕ್ಸಿಕೋದ ಪಾಟ್ಸ್‌ಕ್ವಾರೊ ಸರೋವರದ ಜಾತಿಯಿಂದ ಆಯ್ದು ಬೆಳೆಸಿದ ಬಣ್ಣ ಅದು. ಬೆಳೆದರೂ 4 ರಿಂದ 5 ಸೆಂ.ಮೀ. ಅಷ್ಟೇ. ಇಕ್ಕುಳ ಸಣ್ಣದು, ಸಪೂರ. ಆರೋಗ್ಯವಾಗಿರುವ ಮೀನನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಆಯಸ್ಸು ಮಾತ್ರ ಕಡಿಮೆ, ಹೆಚ್ಚೆಂದರೆ ಎರಡು ವರ್ಷದ ಆಸುಪಾಸು.

ಅಂಗಡಿಯಲ್ಲಿ ಜಾಸ್ತಿ ಸಿಗುವುದು ಪ್ರೋಕ್ಯಾಂಬರಸ್ ಕ್ಲಾರ್ಕಿ. ಅಮೆರಿಕದ ದಕ್ಷಿಣ ಭಾಗದ ಜೌಗು ನೆಲದ್ದು. ಸುಮಾರು 12 ಸೆಂ.ಮೀ. ಆಗುತ್ತದೆ. ಕೆಂಪು, ನೀಲಿ, ಬಿಳಿ, ಕಿತ್ತಳೆ, ಎಲ್ಲ ಬಣ್ಣದಲ್ಲೂ ಬರುತ್ತದೆ. ಗಟ್ಟಿಮುಟ್ಟು, ಯಾವ ನೀರಿಗೂ ಒಗ್ಗಿಕೊಳ್ಳುತ್ತದೆ, ಆದರೆ ಜಗಳಗಂಟ. ಫ್ಲೋರಿಡಾದ ನೀಲಿ ಕ್ರೇಫಿಶ್ ಅಂದರೆ ಪ್ರೋಕ್ಯಾಂಬರಸ್ ಅಲೆನಿಯ ಸ್ವಭಾವವೂ ಹಾಗೇ. ಇವುಗಳನ್ನು ಮೀನಿನ ಜೊತೆ ಇಡಬಾರದು ಅಂತ ನಾನು ಹೇಳುವುದಿಲ್ಲ. ಇಟ್ಟರೆ ಆಗೀಗ ಒಂದು ಮೀನು ಕಾಣೆಯಾಗುತ್ತದೆ ಅನ್ನುವುದನ್ನು ಒಪ್ಪಿಕೊಂಡೇ ಇಡಬೇಕು.

ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಕಡೆಯದು ಚೆರಾಕ್ಸ್ ಗುಂಪು. ನ್ಯೂಗಿನಿಯ ಬಣ್ಣಬಣ್ಣದ ಚೆರಾಕ್ಸ್‌ಗಳು ಕ್ಲಾರ್ಕಿಗಿಂತ ಸ್ವಲ್ಪ ಸಮಾಧಾನದವು. ಕೊಳೆತ ಎಲೆ, ಸೊಪ್ಪು ತಿಂದುಕೊಂಡು ಹೋಗುವ ಅಭ್ಯಾಸ ಜಾಸ್ತಿ. ಥಂಡರ್‌ಬೋಲ್ಟ್ ಅಂತ ಮಾರುವ ಚೆರಾಕ್ಸ್ ಪುಲ್ಕರ್ ಅಂಗಡಿಗಳಲ್ಲಿ ಓಡಾಡಿ ಎಷ್ಟೋ ಕಾಲವಾದ ಮೇಲೆ, 2015ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಬಂತು. ಆದರೆ ಇದೇ ಗುಂಪಿನ ರೆಡ್‌ಕ್ಲಾ 20 ಸೆಂ.ಮೀ. ದಾಟುತ್ತದೆ. ಅದಕ್ಕೆ ಟ್ಯಾಂಕೂ ದೊಡ್ಡದು ಬೇಕು, ಜೊತೆಗಾರರೂ ದೊಡ್ಡವರು ಬೇಕು.

ಮಾರ್ಬಲ್ ಕ್ರೇಫಿಶ್ ಅಂತ ಯಾರಾದರೂ ಪುಕ್ಕಟೆ ಕೊಟ್ಟರೆ ಯೋಚಿಸಿ ತಗೊಳ್ಳಿ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ ಕಾಣಿಸಿಕೊಂಡ ಪ್ರಾಣಿ ಇದು. ಇದರಲ್ಲಿ ಗಂಡೇ ಇಲ್ಲ. ಪ್ರತಿಯೊಂದೂ ಹೆಣ್ಣು, ಪ್ರತಿಯೊಂದೂ ಒಂಟಿಯಾಗಿಯೇ ಮೊಟ್ಟೆ ಇಟ್ಟು ತನ್ನದೇ ನಕಲು ಮರಿಗಳನ್ನು ಮಾಡುತ್ತದೆ. ಪುಕ್ಕಟೆ ಯಾಕೆ ಕೊಡುತ್ತಾರೆ ಅಂತ ಈಗ ಗೊತ್ತಾಯಿತಲ್ವಾ?

ಕೊಳ್ಳುವ ಮುಂಚೆ ನೀವಿರುವ ಕಡೆಯ ಕಾನೂನನ್ನೂ ನೋಡಿ. ಯುರೋಪಿಯನ್ ಯೂನಿಯನ್ 2016ರಲ್ಲಿ ತಂದ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಕ್ಲಾರ್ಕಿಯೂ ಇದೆ, ಮಾರ್ಬಲ್ ಕೂಡ ಇದೆ. ಅಲ್ಲಿ ಅವನ್ನು ಸಾಕುವಂತಿಲ್ಲ, ಮಾರುವಂತಿಲ್ಲ.

ಹೆಜ್ಜೆ 2: ಟ್ಯಾಂಕ್, ಮುಚ್ಚಳ, ಮತ್ತು "ಏಣಿ"

ಕ್ರೇಫಿಶ್‌ಗೆ ಬೇಕಾದದ್ದು ನೆಲ. ಅದರ ಜೊತೆಗಾರರಿಗೆ ಬೇಕಾದದ್ದು ಎತ್ತರ. ಎರಡೂ ಇರುವ ಟ್ಯಾಂಕ್ ಹುಡುಕಿ. ಒಂದು ಜೋಡಿ ಕುಳ್ಳ ಕ್ರೇಫಿಶ್‌ಗೂ ಒಂದಷ್ಟು ಪುಟ್ಟ ಮೀನಿಗೂ 40 ರಿಂದ 60 ಲೀಟರ್ ಸಾಕು. ಕ್ಲಾರ್ಕಿ ಗಾತ್ರದ ಒಂದೇ ಒಂದು ಕ್ರೇಫಿಶ್ ಜೊತೆ ಮೀನು ಬಿಡುವುದಾದರೆ 120 ಲೀಟರ್‌ಗಿಂತ ಕಡಿಮೆ ಬೇಡ. ಉದ್ದ 90 ಸೆಂ.ಮೀ., ಎತ್ತರ 40 ಸೆಂ.ಮೀ. ಇದ್ದರೆ ಒಳ್ಳೆಯದು.

ಮುಚ್ಚಳ ಇಲ್ಲದೆ ಕ್ರೇಫಿಶ್ ತರಲೇಬೇಡಿ. ಗಾಜು ಹತ್ತಲು ಅದಕ್ಕೆ ಆಗುವುದಿಲ್ಲ. ಆದರೆ ಏರ್ ಪೈಪ್, ಫಿಲ್ಟರ್ ಕೊಳವೆ, ಹೀಟರಿನ ವೈರ್, ಮೂಲೆಯ ಸಿಲಿಕಾನ್, ಯಾವುದು ಸಿಕ್ಕಿದರೂ ಹಿಡಿದು ಮೇಲೆ ಬರುತ್ತದೆ. ವೈರ್ ಹೋಗಲು ಬಿಟ್ಟ ಸಂದಿಗೆ ಸ್ಪಂಜ್ ತುರುಕಿ. ಮುಚ್ಚಳ ಹಗುರ ಇದ್ದರೆ ಮೇಲೆ ಭಾರ ಇಡಿ. ಕಿವಿರು ಒದ್ದೆ ಇರುವಷ್ಟು ಹೊತ್ತು ಹೊರಗೂ ಬದುಕಿರುತ್ತದೆ. ಹಾಗಾಗಿ ಸೋಫಾ ಕೆಳಗೆ ಧೂಳು ಮೆತ್ತಿಕೊಂಡು ಸಿಕ್ಕಿದರೆ ಸತ್ತಿದೆ ಅಂತ ಎಸೆಯಬೇಡಿ. ಟ್ಯಾಂಕಿನದೇ ನೀರು ತೆಗೆದು, ಬೆನ್ನು ಮುಳುಗುವಷ್ಟು ಮಾತ್ರ ಹಾಕಿ ಅದರಲ್ಲಿ ಬಿಟ್ಟು ಕಾದು ನೋಡಿ.

ಇನ್ನು ಏಣಿಯ ವಿಷಯ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಕ್ರೇಫಿಶ್ ನೀರಿನ ಮಧ್ಯದಲ್ಲಿ ಮೀನಿನ ಹಾಗೆ ಈಜಿಕೊಂಡು ಬೇಟೆಯಾಡುವುದಿಲ್ಲ. ಬಾಲ ಬಡಿದು ಹಿಂದಕ್ಕೆ ಚಿಮ್ಮುತ್ತದೆ, ಅದೂ ತಪ್ಪಿಸಿಕೊಳ್ಳುವುದಕ್ಕೆ. ಬೇಟೆ ಏನಿದ್ದರೂ ನಡೆದುಕೊಂಡೇ. ನೀವು ಚಂದಕ್ಕೆ ಅಂತ ತಳದಿಂದ ನೀರಿನ ಮೇಲ್ಮಟ್ಟದವರೆಗೆ ಒಂದು ದೊಡ್ಡ ಮರದ ಬೇರು ನಿಲ್ಲಿಸಿದರೆ, ರಾತ್ರಿ ಮಲಗಿದ ಮೀನಿನವರೆಗೆ ಅದಕ್ಕೆ ದಾರಿ ಹಾಕಿಕೊಟ್ಟ ಹಾಗೆ. ಕಲ್ಲು, ಮರ, ಎತ್ತರದ ಗಿಡ ಎಲ್ಲವನ್ನೂ ಟ್ಯಾಂಕಿನ ಒಂದು ಬದಿಗೆ ಇಡಿ, ಕೆಳಗಿನ ಅರ್ಧದಲ್ಲೇ ಮುಗಿಸಿ. ಇನ್ನೊಂದು ಬದಿಯಲ್ಲಿ ತೇಲುವ ಗಿಡ ಬಿಡಿ. ಮೀನು ಅದರ ಕೆಳಗೆ ಮಲಗುತ್ತದೆ, ಕ್ರೇಫಿಶ್‌ಗೆ ಅಲ್ಲಿಗೆ ಹತ್ತಲು ಏನೂ ಸಿಗುವುದಿಲ್ಲ. ಇಷ್ಟು ಮಾಡಿದರೇ ಎಷ್ಟೋ ಮೀನು ಉಳಿಯುತ್ತದೆ.

ಹೆಜ್ಜೆ 3: ನೀರು

ಹೊಸ ಟ್ಯಾಂಕ್‌ಗೆ ನೇರವಾಗಿ ಬಿಡಬೇಡಿ. ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಹೊಲಸಿನಿಂದ ಆಗುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಕಾಯಿರಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನೈಟ್ರೇಟ್ 20 ಪಿಪಿಎಂ ಆಸುಪಾಸಿನಲ್ಲಿ ಇರಲಿ, 40 ದಾಟದಿರಲಿ. ಇದಕ್ಕೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು ಸಾಕು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಿ.

ಗಡಸು ನೀರು ಕ್ರೇಫಿಶ್‌ಗೆ ಒಳ್ಳೆಯದು. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕಲ್ವಾ? ಪಿಎಚ್ 7 ರಿಂದ 8, ಜಿಎಚ್ (ನೀರಿನ ಗಡಸುತನದ ಅಳತೆ) 8ರ ಮೇಲೆ ಇದ್ದರೆ ಚೆನ್ನ. ನೀರು ತೀರಾ ಮೆದುವಾಗಿದ್ದರೆ ಒಂದು ತುಂಡು ಕಟಲ್‌ಬೋನ್ (ಕಟಲ್‌ಫಿಶ್ ಅನ್ನುವ ಕಡಲಜೀವಿಯ ಒಳಚಿಪ್ಪು) ಹಾಕಿ ಅಥವಾ ಫಿಲ್ಟರಿನಲ್ಲಿ ಹವಳದ ಚೂರು ಇಡಿ. ಉಷ್ಣತೆ 20 ರಿಂದ 25 ಡಿಗ್ರಿ ಇದ್ದರೆ ಮೇಲೆ ಹೇಳಿದ ಎಲ್ಲ ಜಾತಿಗಳಿಗೂ ಹೊಂದುತ್ತದೆ. ಅಂದರೆ ಜೊತೆಗೆ ಬಿಡುವ ಮೀನೂ ಇದೇ ನೀರನ್ನು ಇಷ್ಟಪಡುವಂಥದ್ದೇ ಆಗಬೇಕು. 29 ಡಿಗ್ರಿ, ಮೆದು ನೀರು ಬೇಡುವ ಡಿಸ್ಕಸ್ ಇಲ್ಲಿಗೆ ಸಲ್ಲದು. ಜಗಳದ ಮಾತು ಆಮೇಲಿನದು.

ವಿಷದ ವಿಷಯದಲ್ಲಿ ಸ್ವಲ್ಪ ನಿಂತು ಓದಿ. ತಾಮ್ರ ಕ್ರೇಫಿಶ್‌ಗೆ ವಿಷ. ಮೀನಿನ ಬಿಳಿಚುಕ್ಕಿ ರೋಗಕ್ಕೆ ಕೊಡುವ ಹಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಮೀನಿಗೆ ಕಾಯಿಲೆ ಬಂದರೆ ಮೀನನ್ನು ಬೇರೆ ಟ್ಯಾಂಕ್‌ಗೆ ತೆಗೆದು ಔಷಧಿ ಕೊಡಿ. ಸೊಳ್ಳೆ, ಜಿರಳೆಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಇನ್ನೂ ಅಪಾಯ. ಕೀಟಗಳನ್ನು ಕೊಲ್ಲುವ ವಿಷ ಕೀಟಗಳ ದೂರದ ನೆಂಟನಾದ ಕ್ರೇಫಿಶ್ ಅನ್ನೂ ಬಿಡುವುದಿಲ್ಲ. ಟ್ಯಾಂಕ್ ಇರುವ ಕೋಣೆಯಲ್ಲಿ ಸ್ಪ್ರೇ ಹೊಡೆಯಬೇಡಿ. ಏರ್ ಪಂಪ್ ಆ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ನಾಯಿ, ಬೆಕ್ಕಿಗೆ ಚಿಗಟದ ಔಷಧಿ ಹಚ್ಚಿದ ಕೈಯನ್ನೂ ನೀರಿಗೆ ಹಾಕಬೇಡಿ.

ಹೆಜ್ಜೆ 4: ಅಡಗುತಾಣ, ತಳ, ಗಿಡ

ಒಂದು ಕ್ರೇಫಿಶ್ ಇದ್ದರೆ ಎರಡು ಮೂರು ಅಡಗುತಾಣ ಇರಲಿ. ಪಿವಿಸಿ ಪೈಪಿನ ತುಂಡು ನೋಡಲು ಚಂದ ಇಲ್ಲ, ನಿಜ. ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಕ್ರೇಫಿಶ್‌ನ ಮೈ ಸರಿಯಾಗಿ ಹಿಡಿಸುವಷ್ಟೇ ಅಗಲ ಇರಬೇಕು. ತೀರಾ ಅಗಲ ಇದ್ದರೆ ಮೀನೂ ಒಳಗೆ ನುಗ್ಗುತ್ತದೆ, ಪೊರೆ ಬಿಟ್ಟ ದಿನ ಅದೇ ಕೇಡು. ಹಗಲಿನ ಗುಹೆಗೆ ಎರಡು ಬಾಯಿ ಇರಲಿ, ತಪ್ಪಿಸಿಕೊಳ್ಳಲು. ಪೊರೆ ಬಿಡಲು ಒಂದೇ ಬಾಯಿಯ ಇಕ್ಕಟ್ಟಾದ ಗುಹೆಯೂ ಒಂದು ಇರಲಿ.

ದೊಡ್ಡ ಕಲ್ಲನ್ನು ಮರಳಿನ ಮೇಲೆ ಇಡಬೇಡಿ. ಮೊದಲು ಗಾಜಿನ ತಳದ ಮೇಲೆ ಕಲ್ಲು, ಆಮೇಲೆ ಸುತ್ತ ಮರಳು. ಕ್ರೇಫಿಶ್ ಬುಡ ಅಗೆಯದೆ ಇರುವುದಿಲ್ಲ. ಅಗೆದಾಗ ಕಲ್ಲು ಕುಸಿದರೆ ಅದರ ಮೇಲೇ ಬೀಳುತ್ತದೆ.

ಗಿಡಗಳ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ದೊಡ್ಡ ಜಾತಿಗಳು ತಿನ್ನುವುದಕ್ಕಿಂತ ಕತ್ತರಿಸಿ ಕಿತ್ತು ಹಾಕುವುದೇ ಜಾಸ್ತಿ. ಮರಕ್ಕೆ ಕಟ್ಟಿದ ಅನುಬಿಯಾಸ್, ಜಾವಾ ಫರ್ನ್ ಒಂದಷ್ಟು ಉಳಿಯುತ್ತವೆ. ಹಾರ್ನ್‌ವರ್ಟ್ ತೇಲಿಬಿಟ್ಟರೆ ತಿಂದಷ್ಟೂ ಬೆಳೆಯುತ್ತಿರುತ್ತದೆ. ಕುಳ್ಳ ಜಾತಿಗಳು ಗಿಡದ ತಂಟೆಗೆ ಹೋಗುವುದು ಕಡಿಮೆ.

ಹೆಜ್ಜೆ 5: ಜೊತೆಗಾರರನ್ನು ಆರಿಸುವುದು

ಮೊದಲು ಕ್ರೇಫಿಶ್ ಮೀನನ್ನು ಹೇಗೆ ಹಿಡಿಯುತ್ತದೆ ಅಂತ ತಿಳಿದುಕೊಳ್ಳಿ. ಓಡಿಸಿಕೊಂಡು ಹೋಗುವುದು ಅದರ ದಾರಿಯಲ್ಲ. ಕತ್ತಲಲ್ಲಿ ಗುಹೆಯ ಬಾಯಲ್ಲಿ ಇಕ್ಕುಳ ಅಗಲಿಸಿ ಕೂರುತ್ತದೆ. ಉದ್ದನೆಯ ಎರಡು ಮೀಸೆಗಳು ನಿಧಾನಕ್ಕೆ ಆ ಕಡೆ ಈ ಕಡೆ ಆಡುತ್ತಿರುತ್ತವೆ. ತಳದಲ್ಲಿ ಮಲಗಿದ ಮೀನಿನ ಮೈಗೆ ಮೀಸೆ ತಾಗಿತು ಅಂದರೆ ಎರಡು ಹೆಜ್ಜೆ ಮುಂದೆ ಬಂದು ಹಿಡಿಯುತ್ತದೆ, ಅಷ್ಟೇ. ಬಾಲವೋ ರೆಕ್ಕೆಯೋ ಮೊದಲು ಸಿಕ್ಕಿದ್ದು. ಹಾಗಾಗಿ ಮೀನಿನ ಬಗ್ಗೆ ಕೇಳಬೇಕಾದದ್ದು ಮುಖ್ಯವಾಗಿ ಒಂದೇ ಪ್ರಶ್ನೆ: ಇದು ರಾತ್ರಿ ಎಲ್ಲಿ ಮಲಗುತ್ತದೆ?

ಉತ್ತರ "ಮೇಲೆ" ಅಂತಾದರೆ ಅರ್ಧ ಗೆದ್ದ ಹಾಗೆ. ಜೀಬ್ರಾ ಡ್ಯಾನಿಯೊ, ಜೈಂಟ್ ಡ್ಯಾನಿಯೊ, ಹ್ಯಾಚೆಟ್ ಮೀನು ಇವೆಲ್ಲ ಚುರುಕು, ಮೇಲಿನ ಅರ್ಧದಲ್ಲೇ ಇರುತ್ತವೆ. ಸ್ವೋರ್ಡ್‌ಟೇಲ್, ಪ್ಲಾಟಿ, ಮೋಲಿ ಗಡಸು ನೀರಿನವು, ಕ್ರೇಫಿಶ್‌ನ ನೀರಿಗೆ ಸರಿಹೊಂದುತ್ತವೆ. ಅವು ಹಾಕುವ ಮರಿ ಉಳಿಯುವುದು ಕಷ್ಟ, ಆದರೆ ದೊಡ್ಡವು ಸಾಮಾನ್ಯವಾಗಿ ಬಚಾವಾಗುತ್ತವೆ. ದೊಡ್ಡ ಟ್ಯಾಂಕ್ ಇದ್ದರೆ ರೇನ್‌ಬೋ ಮೀನು ನನಗೆ ತುಂಬಾ ಇಷ್ಟ. ನ್ಯೂಗಿನಿಯ ಚೆರಾಕ್ಸ್ ಜೊತೆ ನ್ಯೂಗಿನಿಯದೇ ಬೋಸೆಮಾನಿ ರೇನ್‌ಬೋ ಬಿಟ್ಟರೆ ನೀರೂ ಹೊಂದುತ್ತದೆ, ನೋಡಲೂ ಸೊಗಸು. ಟ್ಯಾಂಕ್ ತಣ್ಣಗಿದ್ದರೆ ವೈಟ್ ಕ್ಲೌಡ್ ಕೂಡ ಕುಳ್ಳ ಕ್ರೇಫಿಶ್ ಜೊತೆ ಚೆನ್ನಾಗಿರುತ್ತದೆ.

ನಿಯಾನ್ ಟೆಟ್ರಾ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಹಗಲಲ್ಲಿ ಅದು ಚುರುಕು, ಮಧ್ಯದಲ್ಲೇ ಈಜುತ್ತದೆ. ರಾತ್ರಿ ಬಣ್ಣ ಮಾಸಿಕೊಂಡು ಗಿಡದ ಬುಡಕ್ಕೆ ಇಳಿದು ನಿಂತಲ್ಲೇ ನಿಂತಿರುತ್ತದೆ. ಕುಳ್ಳ ಜಾತಿಯ ಜೊತೆ ಪರವಾಗಿಲ್ಲ. ಕ್ಲಾರ್ಕಿ ಜೊತೆ ಬೇಡ.

ತಳದ ಮೀನುಗಳನ್ನು ದೊಡ್ಡ ಕ್ರೇಫಿಶ್ ಜೊತೆ ಬಿಡಲೇಬೇಡಿ. ಕೋರಿಡೋರಾಸ್, ಕೂಲಿ ಲೋಚ್, ಪ್ಲೆಕೊ ಇವೆಲ್ಲ ಮಲಗುವುದೂ ತಳದಲ್ಲಿ, ಗುಹೆ ಹುಡುಕುವುದೂ ಕ್ರೇಫಿಶ್ ಹುಡುಕುವ ಜಾಗದಲ್ಲೇ. "ಪ್ಲೆಕೊ ಮೈ ಗಟ್ಟಿ, ಏನೂ ಆಗಲ್ಲ" ಅಂತ ಹೇಳುವವರು ಇದ್ದಾರೆ. ಮೈ ಗಟ್ಟಿ ಇರಬಹುದು, ಕಣ್ಣು ಮತ್ತು ರೆಕ್ಕೆ ಗಟ್ಟಿ ಇಲ್ಲ. ಉದ್ದ ರೆಕ್ಕೆಯ ಬೆಟ್ಟಾ, ಗಪ್ಪಿ, ಏಂಜೆಲ್, ಚಂದದ ಬಾಲದ ಗೋಲ್ಡ್‌ಫಿಶ್ ಕೂಡ ಬೇಡ. ಜೋತಾಡುವ ರೆಕ್ಕೆ ಇಕ್ಕುಳಕ್ಕೆ ಸುಲಭವಾಗಿ ಸಿಗುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ಕೆಲವು ಮೀನುಗಳಿಗೆ ಕ್ರೇಫಿಶ್ ಅಂದರೆ ಊಟ. ಆಸ್ಕರ್ ಮತ್ತಿತರ ದೊಡ್ಡ ಸಿಚ್ಲಿಡ್, ಪಫರ್, ದೊಡ್ಡ ಜಾತಿಯ ಲೋಚ್, ಇವು ಪೊರೆ ಬಿಟ್ಟ ದಿನಕ್ಕೂ ಕಾಯದೆ ಸಣ್ಣ ಕ್ರೇಫಿಶ್ ಅನ್ನು ತಿಂದು ಮುಗಿಸುತ್ತವೆ. ಟೈಗರ್ ಬಾರ್ಬ್ ತಿನ್ನುವುದಿಲ್ಲ, ಆದರೆ ಮೀಸೆ ಕಚ್ಚಿ ಕಚ್ಚಿ ಕ್ರೇಫಿಶ್ ಹೊರಗೇ ಬಾರದ ಹಾಗೆ ಮಾಡುತ್ತದೆ.

ಮೀನಲ್ಲದ ಜೊತೆಗಾರರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಸೀಗಡಿಯಿಂದ ಶುರು ಮಾಡೋಣ. ಕುಳ್ಳ ಕ್ರೇಫಿಶ್ ಜೊತೆ ಚೆರ್ರಿ ಸೀಗಡಿ ಇರಬಲ್ಲದು. ಪಾಚಿಯ ಪೊದೆ ದಟ್ಟವಾಗಿದ್ದರೆ, ಆಗೊಂದು ಈಗೊಂದು ಹೋದರೂ ಅವು ಮರಿ ಹಾಕಿ ಸಂಖ್ಯೆ ತುಂಬಿಸಿಕೊಳ್ಳುತ್ತವೆ. ದೊಡ್ಡ ಕ್ರೇಫಿಶ್ ಜೊತೆ ಸೀಗಡಿ ಬಿಟ್ಟರೆ ಅದು ಆಹಾರ ಹಾಕಿದಂತೆಯೇ. ಬಸವನಹುಳು? ಮಿಸ್ಟರಿ, ರ್ಯಾಮ್ಸ್‌ಹಾರ್ನ್ ಉಳಿಯುವುದಿಲ್ಲ. ಚಿಪ್ಪಿನ ಅಂಚನ್ನು ಚೂರುಚೂರೇ ಮುರಿದು ಒಳಗಿನದನ್ನು ಎಳೆದು ತಿನ್ನುತ್ತದೆ. ಹಗಲೆಲ್ಲ ಮರಳಲ್ಲಿ ಹೂತಿರುವ ಮಲೇಷ್ಯನ್ ಟ್ರಂಪೆಟ್ ಮಾತ್ರ ತನ್ನ ಸಂಖ್ಯೆಯ ಬಲದಿಂದ ಉಳಿದುಕೊಳ್ಳುತ್ತದೆ. ಪುಟ್ಟ ಆಫ್ರಿಕನ್ ಕಪ್ಪೆ ತಳದಲ್ಲಿ ನಿಧಾನಕ್ಕೆ ತಡಕಾಡುವ ಪ್ರಾಣಿ, ಅದನ್ನು ಬಿಡಬೇಡಿ. ನೀರಲ್ಲೇ ಬದುಕುವ ಸಾಲಮಾಂಡರ್ ಆದ ಆಕ್ಸೊಲಾಟಲ್‌ನ ಹೊರಗೆ ಚಾಚಿದ ಕಿವಿರು ಇಕ್ಕುಳಕ್ಕೆ ಸಿಕ್ಕರೆ ಮುಗಿಯಿತು. ಏಡಿ ಜೊತೆ ಇಟ್ಟರೆ ಇಬ್ಬರಲ್ಲಿ ಒಬ್ಬರು ಕಾಲು ಕಳೆದುಕೊಳ್ಳುತ್ತಾರೆ. ಆಮೆ ಕ್ರೇಫಿಶ್ ಅನ್ನೇ ತಿನ್ನುತ್ತದೆ.

ಕ್ರೇಫಿಶ್ ಜೊತೆ ಇನ್ನೊಂದು ಕ್ರೇಫಿಶ್? ಕುಳ್ಳ ಜಾತಿಯಾದರೆ ಒಂದು ಗಂಡಿಗೆ ಎರಡು ಹೆಣ್ಣು ಅನ್ನುವ ಲೆಕ್ಕದಲ್ಲಿ ಗುಂಪಾಗಿ ಇಡಬಹುದು. ದೊಡ್ಡ ಜಾತಿಯಾದರೆ ಒಂದೇ ಸಾಕು. ಕ್ರೇಫಿಶ್‌ಗಳು ಎದುರುಬದುರಾದಾಗ ತಲೆಯ ಬಳಿಯಿಂದ, ಮೀಸೆಯ ಬುಡದಿಂದ ಮೂತ್ರ ಚಿಮ್ಮಿಸಿ ತಾವು ಯಾರು, ಎಷ್ಟು ಬಲ ಅಂತ ವಾಸನೆಯಲ್ಲೇ ತಿಳಿಸುತ್ತವೆ. ಸೋತದ್ದು ಆ ವಾಸನೆ ಹಿಡಿದು ದೂರ ಹೋಗಬೇಕು. ಕೆರೆಯಲ್ಲಿ ಹೋಗಲು ಜಾಗ ಇರುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ?

ಅಮೆರಿಕದ ಜಾತಿ ಮತ್ತು ಚೆರಾಕ್ಸ್ ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಎಂದೂ ಇಡಬೇಡಿ. ಕ್ರೇಫಿಶ್ ಪ್ಲೇಗ್ ಅನ್ನುವ ರೋಗ ಇದೆ. ಅಫನೊಮೈಸಸ್ ಅಸ್ಟಾಸಿ ಅನ್ನುವ ಶಿಲೀಂಧ್ರದಂಥ ಜೀವಿಯಿಂದ ಬರುವುದು. ಅಮೆರಿಕದ ಜಾತಿಗಳು ಅದನ್ನು ಮೈಮೇಲೆ ಹೊತ್ತುಕೊಂಡೂ ಆರಾಮಾಗಿ ಬದುಕುತ್ತವೆ. ಯುರೋಪಿನ, ಆಸ್ಟ್ರೇಲಿಯಾದ ಜಾತಿಗಳು ಸಾಯುತ್ತವೆ. ಬಲೆ, ಸೈಫನ್ ಪೈಪ್ ಕೂಡ ಎರಡು ಟ್ಯಾಂಕ್‌ಗೂ ಬೇರೆ ಬೇರೆ ಇರಲಿ. ಒಂದು ಟ್ಯಾಂಕಿನ ನೀರು ಒಂದು ಹನಿಯೂ ಇನ್ನೊಂದಕ್ಕೆ ಹೋಗಬಾರದು.

ಹೆಜ್ಜೆ 6: ಒಳಗೆ ಬಿಡುವ ಕ್ರಮ

ಮೀನು ಮೊದಲು, ಕ್ರೇಫಿಶ್ ಕೊನೆಗೆ. ಮೀನುಗಳು ತಮ್ಮ ಮಲಗುವ ಜಾಗ ಹುಡುಕಿಕೊಂಡು ಒಂದೆರಡು ವಾರ ಆಗಿರಲಿ. ಕ್ರೇಫಿಶ್ ಮೊದಲೇ ಇದ್ದರೆ ತಳವೆಲ್ಲ ತನ್ನದು ಅಂತ ಆಗಲೇ ತೀರ್ಮಾನ ಮಾಡಿಕೊಂಡಿರುತ್ತದೆ.

ಆದಷ್ಟು ಮರಿ ಕ್ರೇಫಿಶ್ ತನ್ನಿ. ಎರಡೂ ಇಕ್ಕುಳ ಇದೆಯಾ, ಕೈ ತೋರಿಸಿದರೆ ಇಕ್ಕುಳ ಎತ್ತಿ ನಿಲ್ಲುತ್ತದಾ ನೋಡಿ. ಇಕ್ಕುಳ ಒಂದು ಇಲ್ಲದಿದ್ದರೂ ಭಯ ಬೇಡ, ಪೊರೆ ಬಿಡುತ್ತಾ ಹೋದ ಹಾಗೆ ಮತ್ತೆ ಬೆಳೆಯುತ್ತದೆ. ಮಂಕಾಗಿ ಪಕ್ಕಕ್ಕೆ ವಾಲಿರುವುದನ್ನು ಬಿಟ್ಟುಬಿಡಿ.

ಮನೆಗೆ ತಂದ ಮೇಲೆ ಚೀಲದ ನೀರಿನ ಸಮೇತ ಒಂದು ಡಬ್ಬಕ್ಕೆ ಹಾಕಿ. ಏರ್ ಪೈಪಿಗೆ ಸಡಿಲ ಗಂಟು ಹಾಕಿ ಟ್ಯಾಂಕಿನ ನೀರು ತೊಟ್ಟು ತೊಟ್ಟಾಗಿ ಡಬ್ಬಕ್ಕೆ ಬೀಳುವ ಹಾಗೆ ಮಾಡಿ. ಒಂದು ಗಂಟೆ ಬಿಡಿ. ಆಮೇಲೆ ಕ್ರೇಫಿಶ್ ಅನ್ನು ಮಾತ್ರ ಎತ್ತಿ ಟ್ಯಾಂಕ್‌ಗೆ ಬಿಡಿ, ಆ ನೀರನ್ನು ಸುರಿಯಬೇಡಿ. ಲೈಟ್ ಆರಿಸಿ, ಗುಹೆಯ ಬಾಯ ಹತ್ತಿರವೇ ಬಿಡಿ.

ಹೆಜ್ಜೆ 7: ಊಟ, ಎರಡು ಪಂಕ್ತಿಯಲ್ಲಿ

ಹೊಟ್ಟೆ ತುಂಬಿದ ಕ್ರೇಫಿಶ್ ಮೀನು ಹಿಡಿಯುವುದಿಲ್ಲ ಅನ್ನುವುದು ಅರ್ಧ ನಿಜ. ಅನಾಯಾಸವಾಗಿ ಸಿಕ್ಕಿದ್ದನ್ನು ಅದು ಹೊಟ್ಟೆ ತುಂಬಿದ್ದರೂ ಬಿಡುವುದಿಲ್ಲ. ಆದರೆ ಹಸಿದ ಕ್ರೇಫಿಶ್ ರಾತ್ರಿಯೆಲ್ಲ ಟ್ಯಾಂಕ್ ಸುತ್ತುತ್ತದೆ, ತಿಂದದ್ದು ಬೇಗ ಗುಹೆ ಸೇರುತ್ತದೆ. ಆ ವ್ಯತ್ಯಾಸವೇ ನಮಗೆ ಬೇಕಾದದ್ದು.

ಲೈಟ್ ಇರುವಾಗ ಮೀನುಗಳಿಗೆ ತೇಲುವ ಆಹಾರ ಹಾಕಿ, ಕೆಳಗೆ ಬೀಳದಷ್ಟು. ಲೈಟ್ ಆರಿಸಿ ಅರ್ಧ ಗಂಟೆ ಆದ ಮೇಲೆ ಗುಹೆಯ ಬಾಯಿಗೆ ಮುಳುಗುವ ಆಹಾರ ಹಾಕಿ. ಉದ್ದನೆಯ ಚಿಮಟ ಇದ್ದರೆ ಒಳ್ಳೆಯದು. ಕ್ರೇಫಿಶ್‌ಗೆ ಕಾಲಿನ ತುದಿಯಲ್ಲೂ ವಾಸನೆ-ರುಚಿ ತಿಳಿಯುತ್ತದೆ, ಕತ್ತಲಲ್ಲಿ ಒಂದು ಗುಳಿಗೆಯನ್ನು ಹುಡುಕುವುದು ಅದಕ್ಕೆ ಕಷ್ಟವಿಲ್ಲ.

ಮುಳುಗುವ ಗುಳಿಗೆ, ಪಾಚಿಯ ಬಿಲ್ಲೆ ದಿನದ ಊಟ. ಜೊತೆಗೆ ಬಿಸಿನೀರಲ್ಲಿ ಅದ್ದಿದ ಪಾಲಕ್, ಸಿಪ್ಪೆ ತೆಗೆದ ಬಟಾಣಿ, ಸೌತೆಕಾಯಿ ಹೋಳು. ವಾರಕ್ಕೆ ಒಂದೆರಡು ಸಲ ಬ್ಲಡ್‌ವರ್ಮ್ (ಕೆಂಪು ಹುಳು) ಅಥವಾ ಬೇಯಿಸಿದ ಸೀಗಡಿಯ ತುಂಡು. ಹಸಿ ಸೀಗಡಿ ಕೊಡಬೇಡಿ, ಸೀಗಡಿಯ ವೈಟ್ ಸ್ಪಾಟ್ ವೈರಸ್ ಕ್ರೇಫಿಶ್‌ಗೂ ತಗಲುತ್ತದೆ. ಒಣಗಿದ ಕಾಡು ಬಾದಾಮಿ ಎಲೆಯೊಂದು ಸದಾ ತಳದಲ್ಲಿ ಬಿದ್ದಿರಲಿ, ದಿನಗಟ್ಟಲೆ ಕೆರೆದು ತಿನ್ನುತ್ತದೆ. ಬೆಳಿಗ್ಗೆ ಉಳಿದದ್ದನ್ನು ತೆಗೆದುಬಿಡಿ.

ಸುಮ್ನೆ ಮಜಾಕ್ಕೆ ಜೀವಂತ ಮೀನು ತಿನ್ನಲು ಹಾಕುವವರಿದ್ದಾರೆ. ಜೊತೆಗೆ ಬೇರೆ ಮೀನು ಸಾಕಬೇಕು ಅಂತಿರುವವರು ಅದನ್ನು ಮಾಡುವುದರಲ್ಲಿ ಅರ್ಥವಿಲ್ಲ.

ಹೆಜ್ಜೆ 8: ಪೊರೆ ಬಿಡುವ ದಿನ

ಚಿಪ್ಪು ಬೆಳೆಯುವುದಿಲ್ಲ, ಹಾಗಾಗಿ ಒಳಗಿನ ಮೈ ಬೆಳೆದಾಗ ಹಳೆಯದನ್ನು ಬಿಟ್ಟು ಹೊರಬರಲೇಬೇಕು. ಮರಿಗಳು ಮೇಲಿಂದ ಮೇಲೆ ಪೊರೆ ಬಿಡುತ್ತವೆ, ದೊಡ್ಡವು ವರ್ಷಕ್ಕೆ ಕೆಲವೇ ಸಲ. ಮುನ್ಸೂಚನೆ ಸಿಗುತ್ತದೆ. ಊಟ ಬಿಡುತ್ತದೆ, ಗುಹೆಯಿಂದ ಹೊರಗೆ ಬರುವುದಿಲ್ಲ, ಬಣ್ಣ ಮಂಕಾಗುತ್ತದೆ. ಇದೇ ಹೊತ್ತಿನಲ್ಲಿ ಹಳೆಯ ಚಿಪ್ಪಿನ ಕ್ಯಾಲ್ಸಿಯಂನ ಒಂದು ಭಾಗವನ್ನು ಹೊಟ್ಟೆಯೊಳಗೆ ಎರಡು ಬಿಳಿ ಬಿಲ್ಲೆಗಳಾಗಿ ಕೂಡಿಡುತ್ತದೆ. ಹೊಸ ಚಿಪ್ಪಿಗೆ ಅದೇ ಮೊದಲ ಬಂಡವಾಳ.

ಆಮೇಲೆ ಒಂದು ರಾತ್ರಿ ಪಕ್ಕಕ್ಕೆ ಮಲಗುತ್ತದೆ. ಬೆನ್ನಿನ ಚಿಪ್ಪಿಗೂ ಬಾಲಕ್ಕೂ ನಡುವೆ ಬಿರುಕು ಬಿಡುತ್ತದೆ. ಮೈ ನಡುಗಿಸಿ ನಡುಗಿಸಿ ಮೊದಲು ತಲೆಯ ಭಾಗ, ಕಾಲು, ಇಕ್ಕುಳ ಎಳೆದುಕೊಳ್ಳುತ್ತದೆ. ಕೊನೆಗೆ ಬಾಲವನ್ನು ಒಂದೇ ಏಟಿಗೆ ಕಿತ್ತುಕೊಂಡು ಹೊರಗೆ ಬರುತ್ತದೆ. ಎಲ್ಲ ಸರಿ ಇದ್ದರೆ ಈ ಕೊನೆಯ ಭಾಗ ನಿಮಿಷಗಳಲ್ಲಿ ಮುಗಿಯುತ್ತದೆ. ಬಿಟ್ಟ ಪೊರೆಯಲ್ಲಿ ಮೀಸೆ, ಕಣ್ಣಿನ ಮುಸುಕು, ಕಿವಿರಿನ ಎಳೆಗಳ ಸಮೇತ ಎಲ್ಲವೂ ಹಾಗೇ ಇರುತ್ತದೆ. ಬೆಳಿಗ್ಗೆ ಅದನ್ನು ನೋಡಿ ಕ್ರೇಫಿಶ್ ಸತ್ತಿತು ಅಂತ ತೆಗೆದು ಎಸೆಯುವವರೇ ಜಾಸ್ತಿ. ಮೇಲಿನಿಂದ ಬೆಳಕು ಹಾಕಿ ನೋಡಿ: ಒಳಗೆ ಟೊಳ್ಳಾಗಿ, ಬೆಳಕು ಹಾಯುವ ಹಾಗಿದ್ದರೆ ಅದು ಪೊರೆ. ಅಲ್ಲೇ ಬಿಡಿ. ಕ್ಯಾಲ್ಸಿಯಂಗಾಗಿ ಕ್ರೇಫಿಶ್ ಅದನ್ನು ತಾನೇ ತಿನ್ನುತ್ತದೆ.

ಹೊರಬಂದ ಕ್ರೇಫಿಶ್‌ನ ಮೈ ಮೆತ್ತಗೆ. ಇಕ್ಕುಳದಲ್ಲಿ ಹಿಡಿಯುವ ಬಲ ಇರುವುದಿಲ್ಲ. ಸಣ್ಣವು ಎರಡು ಮೂರು ದಿನದಲ್ಲಿ ಗಟ್ಟಿಯಾಗುತ್ತವೆ, ದೊಡ್ಡವಕ್ಕೆ ಒಂದು ವಾರವೂ ಬೇಕಾಗಬಹುದು. ಈ ದಿನಗಳಲ್ಲಿ ಸಾಧು ಅನ್ನಿಸಿಕೊಂಡ ಮೀನುಗಳೂ ಬಂದು ಕಚ್ಚಿ ನೋಡುತ್ತವೆ. ಇಕ್ಕಟ್ಟಾದ ಗುಹೆ ಇದ್ದರೆ ಏನೂ ಮಾಡಬೇಕಿಲ್ಲ. ಮೀನು ಬಿಡದೆ ಕಾಡುತ್ತಿದ್ದರೆ ಗುಹೆಯ ಬಾಯಿಗೆ ಪ್ಲಾಸ್ಟಿಕ್ ಜಾಲರಿ ಅಡ್ಡ ಇಡಿ, ನೀರು ಆಡುತ್ತಿರಲಿ. ಕೈಯಲ್ಲಿ ಎತ್ತಬೇಡಿ, ಕಲ್ಲು ಸರಿಸಬೇಡಿ, ಆ ವಾರ ದೊಡ್ಡ ಪ್ರಮಾಣದ ನೀರು ಬದಲಾವಣೆಯೂ ಬೇಡ. ಅರ್ಧಕ್ಕೆ ಸಿಕ್ಕಿಕೊಂಡಿದ್ದರೂ ಎಳೆಯಬೇಡಿ. ಎಳೆದರೆ ಕಾಲು, ಕಿವಿರು ಕಿತ್ತು ಬರುತ್ತವೆ.

ಪೊರೆಗೆ ಒಳ್ಳೆಯದು ಅಂತ ಅಯೋಡಿನ್ ಹನಿ ಹಾಕುವವರು ಇದ್ದಾರೆ. ತರತರದ ಆಹಾರ, ಗಡಸು ನೀರು ಎರಡೂ ಇದ್ದರೆ ಅದರ ಅಗತ್ಯ ನನಗೆ ಕಂಡಿಲ್ಲ.

ಹೆಜ್ಜೆ 9: ಮೊದಲ ತಿಂಗಳ ಕಾವಲು

ಪ್ರತಿ ಬೆಳಿಗ್ಗೆ ಮೀನು ಎಣಿಸಿ. ರಾತ್ರಿ ಮಂದ ಕೆಂಪು ಬೆಳಕಿನ ಟಾರ್ಚ್ ಹಿಡಿದು ಐದು ನಿಮಿಷ ನೋಡಿ. ಬಿಳಿ ಬೆಳಕು ಹಾಕಿದರೆ ಎಲ್ಲವೂ ಎಚ್ಚೆತ್ತು ನಾಟಕ ನಿಲ್ಲಿಸಿಬಿಡುತ್ತವೆ. ಯಾವ ಮೀನು ಎಲ್ಲಿ ಮಲಗುತ್ತದೆ, ಕ್ರೇಫಿಶ್ ಎಲ್ಲಿವರೆಗೆ ಹತ್ತುತ್ತದೆ ಅನ್ನುವುದು ಎರಡು ಮೂರು ರಾತ್ರಿಯಲ್ಲೇ ಗೊತ್ತಾಗುತ್ತದೆ. ಅದಕ್ಕೆ ತಕ್ಕಂತೆ ಮರ, ಪೈಪ್ ಜರುಗಿಸಿ.

ಇಕ್ಕುಳದಲ್ಲಿ ಮೀನು ಇದ್ದ ಮಾತ್ರಕ್ಕೆ ಕ್ರೇಫಿಶ್ ಕೊಂದಿತು ಅನ್ನಬೇಡಿ. ಸತ್ತದ್ದನ್ನು ತಿನ್ನುವುದು ಅದರ ಕಸುಬು. ಮೊದಲು ಅಮೋನಿಯಾ, ನೈಟ್ರೈಟ್ ಪರೀಕ್ಷೆ ಮಾಡಿ. ನೀರು ಸರಿ ಇದ್ದು, ಉಳಿದ ಮೀನುಗಳ ಬಾಲವೂ ಹರಿದಿದ್ದರೆ ಆಗ ಅನುಮಾನ ನಿಜ.

ಹೆಣ್ಣು ಬಾಲದ ಕೆಳಗೆ ಮೊಟ್ಟೆ ಹೊತ್ತುಕೊಂಡರೆ ಅದರ ಸಿಟ್ಟು ಜಾಸ್ತಿಯಾಗುತ್ತದೆ, ಗುಹೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ನೀರಿನ ಉಷ್ಣತೆ ನೋಡಿಕೊಂಡು ಕೆಲವು ವಾರಗಳಲ್ಲಿ ಮರಿ ಹೊರಬರುತ್ತವೆ. ಲಾರ್ವಾ ಹಂತ ಇಲ್ಲ, ಹುಟ್ಟುವಾಗಲೇ ಪುಟ್ಟ ಕ್ರೇಫಿಶ್. ಕ್ಲಾರ್ಕಿಯಾದರೆ ನೂರಾರು. ಬೇಕಿದ್ದರೆ ತಾಯಿಯನ್ನು ಮೊದಲೇ ಬೇರೆ ಟ್ಯಾಂಕ್‌ಗೆ ಹಾಕಿ. ಹೆಚ್ಚಾದ ಮರಿಗಳನ್ನು ಕೆರೆ, ಕಾಲುವೆಗೆ ಮಾತ್ರ ಬಿಡಬೇಡಿ. ಮಾರ್ಬಲ್ ಕ್ರೇಫಿಶ್ ಮಡಗಾಸ್ಕರ್‌ನ ಹೊಳೆ, ಗದ್ದೆಗಳಲ್ಲೆಲ್ಲ ಹರಡಿರುವುದು ಮನುಷ್ಯರ ಕೈಯಿಂದಲೇ.

ಹೊಂದಾಣಿಕೆ ಆಗಲಿಲ್ಲ, ಬೇರೆ ಮಾಡಬೇಕು ಅಂತಾದರೆ ಬಲೆ ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ. ಇಕ್ಕುಳ ಬಲೆಗೆ ಸಿಕ್ಕಿಕೊಂಡು ಮುರಿಯುತ್ತದೆ. ಹಗಲಲ್ಲಿ ಅದು ಪೈಪಿನೊಳಗೆ ಇದ್ದಾಗ ಎರಡೂ ಬಾಯಿಗೆ ಸ್ಪಂಜ್ ಒತ್ತಿ ಪೈಪ್ ಸಮೇತ ಎತ್ತಿ. ಪೈಪ್ ಇಲ್ಲದಿದ್ದರೆ ಅದರ ಹಿಂದೆ ಒಂದು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಮುಳುಗಿಸಿ ಹಿಡಿದು, ಮುಂದಿನಿಂದ ಒಂದು ಕಡ್ಡಿ ತೋರಿಸಿ. ಬಾಲ ಬಡಿದು ಹಿಂದಕ್ಕೆ ಚಿಮ್ಮಿ ತಾನಾಗಿಯೇ ಡಬ್ಬದೊಳಗೆ ಬಂದು ಬೀಳುತ್ತದೆ.